ಬರ್ತಾ ನಿಲ್ಲಿಸ್ತೀನಿ

ಆ ಬಾಗಿಲು ಮುಂದಕ್ಕೆ ಮಾಡಿ ಕೂತ್ಕೊಳ್ಳಿ. ಗಾಳಿ ಬರುತ್ತೆ. ಗಾಳಿ ಜೊತೆ ಇನ್ನೇನು ಬರುತ್ತೋ ಯಾರು ಕಂಡೋರು.

ನಾನು ಹೇಳೋದು ಎಲ್ಲೋ ಕೇಳಿದ್ದಲ್ಲ. ನಮ್ಮ ಪಕ್ಕದ ಮನೆ ಕದಿರೇಶನಿಗೆ ಆಗಿದ್ದು. ಅವನ ಮನೆಗೂ ನಮ್ಮನೆಗೂ ನಡುವೆ ಒಂದೇ ಗೋಡೆ. ಅವನು ಆ ಕಡೆ ಚಾಪೆ ಹಾಸಿದ್ರೆ ‘ಪಟ್’ ಅಂತ ಈ ಕಡೆ ನನಗೆ ಕೇಳುತ್ತೆ. ಒಂದು ಚಾಪೆಯೋ ಎರಡೋ ಅನ್ನೋದೂ ಗೊತ್ತಾಗುತ್ತೆ. ನಗಬೇಡಿ. ಆ ಚಾಪೆ ಮಾತು ಆಮೇಲೆ ಬರುತ್ತೆ.

ಆವತ್ತು ನಾನೂ ಅಶ್ವತ್ಥಮ್ಮನೂ ಮಾಸ್ತಿ ಕಡೆ ಒಂದು ನಾಮಕರಣ ಮುಗಿಸಿ ಬರ್ತಿದ್ವಿ. ಊಟ ಚೆನ್ನಾಗಿತ್ತು. ಮಗು ಮಾತ್ರ ಅಪ್ಪನ ಹಾಗಿರಲಿಲ್ಲ... ಇರಲಿ, ನಮಗ್ಯಾಕೆ. ಕೊನೇ ಬಸ್ಸು ಟೇಕಲ್ ಕ್ರಾಸಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ನಮ್ಮೂರಿಗೆ ನಡೀಬೇಕು. ದಾರೀಲಿ ಮುನೇಶ್ವರನ ಆಲದ ಮರ. ಮರದ ಮಗ್ಗುಲಲ್ಲಿ ಹಾಳು ಬಾವಿ. ಒಂದು ಹಣ್ಣು ಬಾವಿಗೆ ಬಿತ್ತು... ‘ಗುಳುಂ’. ಅಶ್ವತ್ಥಮ್ಮ ನನ್ನ ಸೆರಗು ಹಿಡ್ಕೊಂಡ್ಲು. ಹೆದರಿದ್ರೆ ಅವಳಿಗೆ ಕನ್ನಡ ಮರೆತುಹೋಗುತ್ತೆ. “ಪದ ಅಕ್ಕಾ, ಪದ”, ನಡಿ ನಡಿ ಅಂತ ತೆಲುಗಲ್ಲಿ ಶುರು ಮಾಡಿದ್ಲು.

ಆಗ ಕಂಡಿದ್ದು. ನಮ್ಮ ಮುಂದೆ ಒಬ್ಬ ಬಿಳೀ ಶರಟಿನೋನು ನಡೀತಾ ಇದ್ದ. ಮರ ಇನ್ನೂ ಮುಂದಿದೆ ಅನ್ನುವಾಗ ನಿಂತ. ರಸ್ತೆ ಬಿಟ್ಟ. ರಾಗಿ ಹೊಲಕ್ಕೆ ಇಳಿದ... ‘ಸರ್... ಸರ್...’ ಅಂತ ಪೈರು ಸೀಳ್ಕೊಂಡು ಮರಾನ ದೊಡ್ಡದಾಗಿ ಸುತ್ತು ಹಾಕಿ, ಆಚೆ ಮತ್ತೆ ರಸ್ತೆಗೆ ಹತ್ತಿದ. ನಾವು ಓಡೋ ನಡಿಗೇಲಿ ಹಿಡಿದ್ವಿ.

“ಯಾರೋ ಅದು, ಕದಿರೇಶನೇನೋ?”

“ಹೂಂ ದೊಡ್ಡಮ್ಮ.”

“ಬಂಗಾರದಂಥ ರಸ್ತೆ ಬಿಟ್ಟು ಹೊಲಕ್ಕೆ ಯಾಕೋ ಇಳಿದೆ?”

“ಶ್ಶ್... ಇಲ್ಲಿ ಬೇಡ. ನಡಿ.”

ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಮುಖಕ್ಕೆ ಪೌಡರ್. ಇಸ್ತ್ರಿ ಶರಟು. ಕೈಯಲ್ಲಿ ಖಾಲಿ ಬಾಳೆಎಲೆ, ಅದರಲ್ಲಿ ಮರುಗದ ವಾಸನೆ. ಕನಕಾಂಬರದ ಜೊತೆ ಕಟ್ತಾರಲ್ಲ, ಆ ಮರುಗ. ಹೂವು ಎಲ್ಲೋ ಕೊಟ್ಟು ಬಂದಿದ್ದಾನೆ! ಹೆಂಡ್ತಿ ಸತ್ತು ವರ್ಷದ ತಿಥಿ ಆಗಿಲ್ಲ.

“ಅಕ್ಕಾ, ಇವನಿಗೆ ಎಲ್ಲೋ ಒಬ್ಬಳು ಸೇರ್ಕೊಂಡಿದ್ದಾಳೆ” ಅಂತ ಅಶ್ವತ್ಥಮ್ಮ ಕಿವೀಲಿ ಊದಿದ್ಲು.

ಸುಳ್ಳು ಯಾಕೆ ಹೇಳಲಿ, ನಾಮಕರಣದ ಪಾಯಸಕ್ಕಿಂತ ಅದು ನನಗೆ ಸಿಹಿಯಾಗಿತ್ತು. ಯಾಕಂದ್ರೆ ಅಷ್ಟು ದಿನದಿಂದ ಗೋಡೆ ಆಚೆ ನಾನು ಕೇಳ್ತಿದ್ದೆ. ರಾತ್ರಿ ಮಲಗೋ ಹೊತ್ತಿಗೆ... ‘ಪಟ್’. ಸ್ವಲ್ಪ ತಡೆದು... ಇನ್ನೊಂದು ‘ಪಟ್’. ಒಬ್ಬನೇ ಇರೋ ಗಂಡಸು. ಎರಡು ಚಾಪೆ ಯಾರಿಗೆ?

ಅವನ ಹೆಂಡ್ತಿ ವಿಷಯ ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಗಂಗಾಲಕ್ಷ್ಮಿ ಅಂತ. ಮುಳಬಾಗಿಲು ಕಡೆ ಹುಡುಗಿ. ಬಾಯಿ ಜೋರು, ಕೈ ಧಾರಾಳ. ನನಗೇ ಎದುರು ಮಾತಾಡೋಳು, ಆ ಪುಣ್ಯಾತ್ಗಿತ್ತಿ. ಕದಿರೇಶ ಬಾಡಿಗೆ ಕಾರು ಓಡಿಸ್ತಾನೆ, ಸ್ವಂತದ್ದು. ಬಾಡಿಗೆ ಇಲ್ಲದ ದಿನ ಇವಳು ಹಿಂದಿನ ಸೀಟಲ್ಲಿ ಎಡಗಡೆ ಕಿಟಕಿಗೆ ಒರಗಿ ಕೂತು ಸಂತೆಗೆ ಹೋಗೋಳು. “ಮುಂದೆ ಬಂದು ಕೂತ್ಕೊಳ್ಳೇ, ನಾನೇನು ನಿನ್ನ ಡ್ರೈವರಾ?” ಅನ್ನೋನು. “ಮತ್ತಿನ್ನೇನು?” ಅನ್ನೋಳು ಇವಳು, ಬೀದಿಗೆಲ್ಲ ಕೇಳೋ ಹಾಗೆ. ಗಂಡನ ಹೆಸರು ಹಿಡಿದು ಕರೀಬಾರದಲ್ಲ. ಕಾರು ನಿಲ್ಲಿಸ್ಬೇಕಾದ್ರೆ ಕೈಯಲ್ಲಿದ್ದ ಬೆಳ್ಳಿ ಉಂಗುರದಲ್ಲಿ ಕಿಟಕಿ ಗಾಜಿಗೆ ಹೊಡೆಯೋಳು... ‘ಟಕ್ ಟಕ್’. ಅಷ್ಟೇ. ಅವನು ಬ್ರೇಕ್ ಹಾಕೋನು.

ಮುನೇಶ್ವರನ ಮರದ ಹತ್ರ ಅಂತೂ ತಪ್ಪದೆ ‘ಟಕ್ ಟಕ್’. ನಿಲ್ಲಿಸ್ಬೇಕು. ಇಳಿದು ಕೈ ಮುಗಿದು, ಕಲ್ಲಿನ ವಿಭೂತಿ ತಂದು ಸ್ಟೀರಿಂಗಿಗೆ ಹಚ್ಚಿದ ಮೇಲೇ ಮುಂದಕ್ಕೆ.

ಹೋದ ಕಾರ್ತೀಕದಲ್ಲಿ, ಮಧ್ಯಾಹ್ನ, ಅವರೇಕಾಯಿ ಸುಲೀತಾ ಕೂತೋಳು ಎದೆ ಹಿಡ್ಕೊಂಡ್ಲು. ನಾನೇ ಕೈ ಕೊಟ್ಟು ಕಾರಿಗೆ ಹತ್ತಿಸಿದೆ. “ಮಲಗಲ್ಲ ದೊಡ್ಡಮ್ಮ, ಕೂತ್ಕೋತೀನಿ” ಅಂದ್ಲು. ಅದೇ ಎಡಗಡೆ ಕಿಟಕಿ. ಜೊತೆಗೆ ಬರ್ತೀನಿ ಅಂದೆ. “ಮನೆ ತೆರೆದೇ ಇದೆ, ನೀನು ನೋಡ್ಕೋ” ಅಂತ ಕದಿರೇಶ ಹೊರಟ. ಕೋಲಾರದ ಆಸ್ಪತ್ರೆಗೆ. ದಾರೀಲಿ ಆಗಿದ್ದು ಆಮೇಲೆ ಅವನೇ ಹೇಳಿದ್ದು.

ಮರದ ಹತ್ರ... ‘ಟಕ್ ಟಕ್’.

“ಇವತ್ತು ಬೇಡ ಕಣೇ, ಹೊತ್ತಾಗುತ್ತೆ. ಬರ್ತಾ ನಿಲ್ಲಿಸ್ತೀನಿ” ಅಂದ ಇವನು. ಗಾಡಿ ನಿಲ್ಲಿಸಲಿಲ್ಲ.

ಅವಳು ಮತ್ತೆ ಹೊಡೀಲಿಲ್ಲ. ನಿದ್ದೆ ಬಂದಿರಬೇಕು, ಒಳ್ಳೇದೇ ಆಯ್ತು ಅಂದ್ಕೊಂಡ. ದಾರಿ ಉದ್ದಕ್ಕೂ ಮಾತಾಡ್ತಾನೇ ಹೋದ. ಹುಷಾರಾದ ಮೇಲೆ ತವರಿಗೆ ಕರ್ಕೊಂಡು ಹೋಗ್ತೀನಿ ಅಂದ. ರೈಲ್ವೆ ಗೇಟಿನ ಹತ್ರ ಲಾರಿಯವನಿಗೆ ಬೈದು, ಬೈದಿದ್ದಕ್ಕೆ ಅವಳ ಹತ್ರಾನೇ ಕ್ಷಮಿಸು ಅಂದ. ಆಸ್ಪತ್ರೆ ಮುಂದೆ ಡೋರ್ ತೆಗೆದ್ರೆ... ಅವನ ತೋಳಿಗೆ ಬಿದ್ಲು. ಹೋಗಿ ಹೊತ್ತಾಗಿದೆ ಅಂದ್ರು ಡಾಕ್ಟ್ರು. ಯಾವ ಜಾಗದಲ್ಲಿ? ಮರದ ಹತ್ರಾನಾ, ಗೇಟಲ್ಲಾ? ಅದನ್ನ ಯಾವ ಡಾಕ್ಟ್ರು ಹೇಳ್ತಾರೆ.

ವಾಪಸ್ ಆಸ್ಪತ್ರೆ ವ್ಯಾನಲ್ಲಿ ತಂದ್ರು. ಮರ ಬಂತು. “ಒಂದು ನಿಮಿಷ ನಿಲ್ಸಣ್ಣ” ಅಂದ ಕದಿರೇಶ. ವ್ಯಾನಿನ ಡ್ರೈವರ್ ನಮ್ಮ ಕಡೆಯೋನೇ. ಹೆಣ ಇಟ್ಕೊಂಡು ಮುನೇಶ್ವರನ ಎದುರು ಯಾರಾದ್ರೂ ನಿಲ್ಲಿಸ್ತಾರಾ? ಪೀಂ... ಅಂತ ಹಾರನ್ ಒತ್ತಿ ಹಿಡಿದು, ಮರ ದಾಟೋವರೆಗೂ ಬಿಡಲಿಲ್ಲ. ಅವನ ತಪ್ಪಲ್ಲ. ನಮ್ಮಲ್ಲಿ ಪದ್ಧತಿ ಅದು.

ಹೋಗ್ತಾ ನಿಲ್ಲಿಸಲಿಲ್ಲ. ಬರ್ತಾನೂ ನಿಲ್ಲಿಸೋಕಾಗಲಿಲ್ಲ. ಮಾತು ಹಾಗೇ ಉಳ್ಕೊಂಡುಬಿಡ್ತು.

ಆಸ್ಪತ್ರೆ ಹತ್ರ ಬಿಟ್ಟಿದ್ದ ಕಾರನ್ನ ಆಮೇಲೆ ಯಾರೋ ತಂದುಕೊಟ್ರು, ಅದಕ್ಕೆ ಟಾರ್ಪಾಲು ಮುಚ್ಚಿದ. ಓಡಿಸಲೇ ಇಲ್ಲ. ಕಾರಿರೋ ಮನುಷ್ಯ ಕ್ರಾಸಿಗೆ ನಡ್ಕೊಂಡು ಹೋಗೋನು, ನಡ್ಕೊಂಡು ಬರೋನು. ಅಂಥವನು ಪೌಡರ್ ಹಾಕ್ಕೊಂಡು, ಹೂವು ಹಿಡ್ಕೊಂಡು ಹೊರಟ್ರೆ ನಾನು ಸುಮ್ಮನಿರ್ತೀನಾ? ಮಾರನೇ ಸಂಜೆ ಹಿಂದೆ ಬಿದ್ದೆ.

ಕ್ರಾಸಲ್ಲಿ ಹಳೇ ರೇಷ್ಮೆ ಗೂಡಿನ ಶೆಡ್ ಇದೆ. ಅಲ್ಲಿಗೆ ನುಗ್ಗಿದ. ನಾನೂ ನುಗ್ಗಿದೆ. ಒಳಗೆ ನೋಡಿದ್ರೆ... ಒಂದು ಕಾರು. ಕಾರು ಅಂದ್ರೆ ಕಾರಲ್ಲ. ಚಕ್ರ ಇಲ್ಲ, ಎಂಜಿನ್ ಇಲ್ಲ. ಪ್ಲೈವುಡ್ಡು, ಥರ್ಮಾಕೋಲು. ಸ್ಟೀರಿಂಗು, ಬ್ರೇಕು, ಸೀಟು ಮಾತ್ರ ನಿಜವಾದ್ದು. ಎದುರಿಗೆ ಗೋಡೆ ತುಂಬ ಬಿಳೀ ಪರದೆ. ಆ ಕಡೆ ಗೋಡೆಗೆಲ್ಲ ಹಳದಿ ಚೀಟಿ ಅಂಟಿಸಿದ್ರು, ಮದುವೆ ಮನೆಗೆ ಅರಿಶಿನ ಎರಚಿದ ಹಾಗೆ.

ನರೇಶ್ ಅಂತ ಒಬ್ಬ ಕನ್ನಡಕದ ಹುಡುಗ ಓಡಿ ಬಂದ. ಯಾವುದೋ ಕಾರು ಕಂಪನಿಯೋನು. “ಬನ್ನಿ ಅಜ್ಜಿ, ನೀವೂ ಕೂತ್ಕೊಳ್ಳಿ. ಮುಂದೆ ಬರೋ ಕಾರು ಹೇಗಿರ್ಬೇಕು ಅಂತ ಜನರನ್ನೇ ಕೇಳಿ ಮಾಡ್ತೀವಿ ನಾವು.”

“ಜನರನ್ನ ಕೇಳಿ ಯಾರಪ್ಪ ಏನು ಮಾಡ್ತಾರೆ ಈ ಕಾಲದಲ್ಲಿ?” ಅಂದೆ. ಆದ್ರೂ ಹಿಂದಿನ ಸೀಟಲ್ಲಿ ಕೂತೆ. ಮೆತ್ತಗೆ ಕೆಳಕ್ಕೆ ಇಳೀತು. “ಕಾಲು ನೀಡೋಕೆ ಜಾಗ ಬೇಕು. ಎಲೆ ಅಡಿಕೆ ಉಗಿಯೋಕೆ ಕಿಟಕಿ ಬೇಕು” ಅಂತ ಹೇಳಿ, ಬಾಯಿ ತುಂಬಿತ್ತು, ಎಡಗಡೆ ಕಿಟಕಿಯಿಂದ ಉಗಿದೆ. ನೆಲಕ್ಕೆ ಬಿತ್ತು. ಪಾಪ, ಆ ಹುಡುಗ ನಗ್ತಾನೇ ಒರೆಸಿದ, ಅದನ್ನೂ ಒಂದು ಚೀಟೀಲಿ ಬರೆದು ಗೋಡೆಗೆ ಹಚ್ಚಿದ. ನಾನು ಎದ್ದ ಮೇಲೆ ಸೀಟು ಒಳಗಿಂದ ಗಾಳಿ ಎಳ್ಕೊಂಡು ಮೇಲಕ್ಕೆ ಬಂತು... ‘ಉಸ್ಸ್...’

ಆಮೇಲೆ ಕದಿರೇಶನ ಸರದಿ. ನಾನಿರೋದು ನೋಡಿದ. ಬಾಳೆಎಲೆ ಬಿಚ್ಚಿದ. ಕನಕಾಂಬರದ ದಂಡೆ ತೆಗೆದು ಹಿಂದಿನ ಸೀಟಲ್ಲಿ ಇಟ್ಟ. ಎಡಗಡೆ.

ಹೂವು ಅಲ್ಲಿಗೆ ಹೋಗ್ತಿತ್ತು.

ಪರದೆ ಮೇಲೆ ರಸ್ತೆ ಓಡೋಕೆ ಶುರು ಆಯ್ತು. ನಮ್ಮೂರಿನ ರಸ್ತೆ! ಡ್ರೈವರಿಗೆ ಪರಿಚಯ ಇರೋ ದಾರೀನೇ ಸಿನಿಮಾ ತೆಗೆದು ಓಡಿಸ್ತಾರಂತೆ. ಅದರಲ್ಲಿ ನಾನೂ ಇದ್ದೆ, ಸೀರೆ ಎತ್ತಿ ಕಟ್ಟಿ ಕಸ ಹೊಡೀತಾ. ಕದಿರೇಶ ಸ್ಟೀರಿಂಗ್ ತಿರುಗಿಸ್ತಾ ಇದ್ದ. ಮರ ದೂರದಲ್ಲಿ ಕಾಣಿಸ್ತು. ಆಗ ಮೆಲ್ಲಗೆ ಕೇಳಿದ...

“ನಮ್ಮನೆಯೋಳು ಮಲಗಿದ್ದಾಳಾ?”

ಕಾರು ಮಾತಾಡ್ತು. ಹೆಣ್ಣು ದನಿ. “ಹೌದು, ಮಲಗಿದ್ದಾರೆ. ನಿಧಾನವಾಗಿ ಹೋಗಿ.”

ಅವನ ಮುಖ ನೀವು ನೋಡ್ಬೇಕಿತ್ತು. ಎಷ್ಟು ಹಗುರ ಆಯ್ತು ಅಂದ್ರೆ... ನನಗೆ ನೋಡೋಕಾಗಲಿಲ್ಲ. ಮರ ಬಂತು, ಹೋಯ್ತು. ನಿಲ್ಲಿಸಲಿಲ್ಲ. ಕೋಲಾರದವರೆಗೂ ಹಿಂದಕ್ಕೆ ತಿರುಗದೆ ಮಾತಾಡ್ತಾ ಹೋದ.

ಯಾರಪ್ಪ ಈ ಮಾತಾಡೋ ಮಾಯಾಂಗನೆ ಅಂತ ನಾನು ಹಿಂದಕ್ಕೆ ಹೋಗಿ ಕರ್ಟನ್ ಎತ್ತಿದೆ. ಒಬ್ಬ ಹುಡುಗಿ ಮೈಕ್ ಹಿಡ್ಕೊಂಡು ಕೂತಿದ್ಲು. ಸಬಾ ಅಂತ, ಮಾಲೂರಿನೋಳು. ಕಾರಿಗೆ ಇನ್ನೂ ಬಾಯಿ ಬಂದಿಲ್ಲ ಅಂತ ಇವಳನ್ನ ಮರೇಲಿ ಕೂರಿಸಿ ಮಾತಾಡಿಸ್ತಿದ್ರು. ಜನ ಏನು ಕೇಳ್ತಾರೆ, ಯಾವ ಉತ್ತರಕ್ಕೆ ಸಮಾಧಾನ ಆಗ್ತಾರೆ ಅಂತ ನೋಡೋಕೆ. ಮುಂದಿನ ಕಾರು ಹಿಂದೆ ಕೂತೋರನ್ನ ತಾನೇ ನೋಡಿ, ಮಲಗಿದ್ದಾರೋ ಎದ್ದಿದ್ದಾರೋ ಡ್ರೈವರಿಗೆ ಹೇಳುತ್ತಂತೆ.

“ಕೂತವರಿಗೆ ‘ನಿಮ್ಮ ಮನೆಯೋರು ಹಿಂದೆ ಇದ್ದಾರೆ ಅಂದ್ಕೊಳ್ಳಿ’ ಅಂತ ನಾವೇ ಹೇಳ್ತೀವಿ ಅಜ್ಜಿ” ಅಂದ್ಲು ಸಬಾ. “ಇವರಷ್ಟು ಚೆನ್ನಾಗಿ ಯಾರೂ ಅಂದ್ಕೊಂಡಿಲ್ಲ. ಅದಕ್ಕೇ ಸರ್ ಇವರನ್ನ ಮತ್ತೆ ಮತ್ತೆ ಕರೀತಾರೆ. ಇವರ ಹೆಂಡ್ತಿ ಪುಣ್ಯ ಮಾಡಿದ್ದಾರೆ, ಅಲ್ವಾ?”

“ಹೆಂಡ್ತಿ ಸತ್ತು ಬೂದಿಯಾಗಿದ್ದಾಳೆ ಕಣೇ” ಅಂದೆ. ಅದೇ ಹಿಂದಿನ ಸೀಟು, ಅದೇ ದಾರಿ, ಎಲ್ಲ ಹೇಳಿದೆ.

ಮೈಕ್ ಅವಳ ಕೈಯಿಂದ ಜಾರಿ ನನ್ನ ಕಾಲ ಹತ್ರ ಬಿತ್ತು. “ಯಾ ಅಲ್ಲಾ... ನಾನು ದಿನಾ ‘ಮಲಗಿದ್ದಾರೆ’ ಅಂತ...”

ಆ ರಾತ್ರಿ ಕದಿರೇಶನ ಜೊತೇಲೇ ನಡ್ಕೊಂಡು ಬಂದೆ. ಮರದ ಹತ್ರ ಅವನ ಹಿಂದೆ ನಾನೂ ಹೊಲಕ್ಕೆ ಇಳಿದೆ. ರಾಗಿ ತೆನೆ ಕೈಗೆ ತಾಗ್ತಿತ್ತು.

“ಲೇ, ಸಿನಿಮಾ ಕಾರಲ್ಲಾದ್ರೂ ಅಲ್ಲಿ ನಿಲ್ಲಿಸ್ಬಾರದೇನೋ? ಅವಳಿಗೆ ಕೊಟ್ಟ ಮಾತು” ಅಂತ ಪಿಸುಗುಟ್ಟಿದೆ.

ಹೊಲ ದಾಟಿ ರಸ್ತೆಗೆ ಹತ್ತಿದ ಮೇಲೆ ಬಾಯಿ ಬಿಟ್ಟ.

“ನಿಲ್ಲಿಸಿದ್ರೆ ಇಳಿದುಬಿಡ್ತಾಳೆ ದೊಡ್ಡಮ್ಮ... ಓಡಿಸ್ತಾ ಇದ್ರೆ ಹಿಂದೆ ಇರ್ತಾಳೆ.”

ಅವತ್ತು ಗೋಡೆ ಆಚೆ ಎರಡು ಚಾಪೆ ಬಿದ್ದಾಗ ನಾನು ಕಿವಿ ಮುಚ್ಕೊಂಡೆ.

ಮಾರನೇ ದಿನ ಶೆಡ್ಡಲ್ಲಿ ಕೊನೇ ದಿನ. ಆಮೇಲೆ ಎಲ್ಲ ಬಿಚ್ಚಿ ಲಾರಿಗೆ ಹಾಕ್ತಾರಂತೆ. ಕದಿರೇಶನಿಗೂ ಹೇಳಿದ್ರು. ಹೂವು ಮಾಮೂಲಿಗಿಂತ ಉದ್ದಕ್ಕೆ ತಂದಿದ್ದ. ನಾನು ಸಬಾ ಪಕ್ಕ ಕರ್ಟನ್ ಹಿಂದೆ ಕೂತೆ. ಸಂದಿಯಿಂದ ಎಲ್ಲ ಕಾಣ್ತಿತ್ತು.

“ನನಗೆ ಇನ್ನೊಂದ್ಸಲ ಆ ಸುಳ್ಳು ಬಾಯಲ್ಲಿ ಬರಲ್ಲ ಅಜ್ಜಿ” ಅಂದ್ಲು.

“ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ.”

ಅವಳು ಮೈಕಿನ ವೈರ್ ಕಿತ್ತು ನನ್ನ ಕೈಗೇ ಕೊಟ್ಲು. ವೈರು ನನ್ನ ಮುಷ್ಟೀಲಿತ್ತು, ನೆನಪಿಟ್ಕೊಳ್ಳಿ.

ರಸ್ತೆ ಓಡ್ತು. ಊರು ದಾಟ್ತು. ನಾನು ಕಸ ಹೊಡೆದಿದ್ದೂ ಆಯ್ತು. ಮರ ಕಾಣಿಸ್ತು.

“ನಮ್ಮನೆಯೋಳು... ಮಲಗಿದ್ದಾಳಾ?”

ಸಬಾ ತುಟಿ ಕಚ್ಕೊಂಡು ಕೂತ್ಲು.

“ಮಲಗಿದ್ದಾಳಾ?” ದನಿ ಸಣ್ಣ ಆಯ್ತು. “ಹೇಳು... ಒಂದ್ಸಲ ಹೇಳು.”

ನರೇಶ್ ತನ್ನ ಕಂಪ್ಯೂಟರ್ ಹತ್ರ ಕೂತೋನು ನಮ್ಮ ಕಡೆ ಕೈ ಆಡಿಸ್ತಿದ್ದ, ಮಾತಾಡಿ ಅಂತ. ಮೇಲೆ ಫ್ಯಾನು ‘ಕಟ... ಕಟ...’ ಅಂತಿತ್ತು. ಅದೂ ನಿಂತ ಹಾಗಾಯ್ತು. ಪರದೆ ಮೇಲೆ ಮರ ದೊಡ್ಡದಾಗ್ತಾ ಬಂತು. ಬೇರು ಕಂಡ್ವು. ಬಾವಿ ಕಾಣ್ತು...

‘ಟಕ್ ಟಕ್.’

ಗಾಜಿಗೆ ಬೆಳ್ಳಿ ತಾಗಿದ ಸದ್ದು. ಎಡಗಡೆಯಿಂದ. ಸಬಾ ನನ್ನ ತೊಡೆ ಹಿಡ್ಕೊಂಡ್ಲು, ಉಗುರು ನಾಟಿತ್ತು.

“ಸಬಾ, ಏನದು ಸೌಂಡು?” ಅಂದ ನರೇಶ್.

“ನಾನಲ್ಲ ಸರ್...”

ಕದಿರೇಶ ತಿರುಗಿ ನೋಡಲಿಲ್ಲ. ಕಾಲು ಇನ್ನೂ ಆಕ್ಸಿಲರೇಟರ್ ಮೇಲೇ ಇತ್ತು. ಅವನು ಒತ್ತಿದ್ರೆ ಮರ ದಾಟಿ ಹೋಗ್ತಿತ್ತು... ಅವಳೂ ಹಿಂದೆ ಕೂತೇ ಇರ್ತಿದ್ಲೇನೋ, ಇನ್ನೊಂದು ದಿನ.

“ನಿಲ್ಲಿಸ್ತೀನಿ ಕಣೇ” ಅಂದ. “ಇವತ್ತು ನಿಲ್ಲಿಸ್ತೀನಿ.”

ಬ್ರೇಕ್ ಒತ್ತಿದ. ಪರದೆ ಮೇಲೆ ರಸ್ತೆ ನಿಂತ್ಕೊಳ್ತು. ಮುನೇಶ್ವರನ ಕಲ್ಲು ಎಡಗಡೆ, ಸರಿಯಾಗಿ ಎದುರಿಗೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಿಂದಿನ ಸೀಟು ಗಾಳಿ ಎಳ್ಕೊಳ್ತು...

‘ಉಸ್ಸ್...’

ಯಾರೋ ಎದ್ದ ಹಾಗೆ. ನಿಧಾನಕ್ಕೆ. ಸೀಟಲ್ಲಿ ಯಾರೂ ಕೂತಿರ್ಲಿಲ್ಲ. ನಾನು ನೋಡ್ತಾನೇ ಇದ್ದೆ.

ಕದಿರೇಶ ಸ್ಟೀರಿಂಗ್ ಮೇಲೆ ಹಣೆ ಇಟ್ಟ. ಗಂಡಸು ಅಳೋದು ನಾನು ಬೇಕಾದಷ್ಟು ನೋಡಿದ್ದೀನಿ, ಅರ್ಧ ಕುಡಿದು, ಅರ್ಧ ನಾಟಕಕ್ಕೆ. ಇದು ಅದಲ್ಲ. ಸದ್ದೇ ಇರಲಿಲ್ಲ. ಬೆನ್ನು ಮಾತ್ರ ಅಲ್ಲಾಡ್ತಿತ್ತು. ನಾನು ಹೋಗಿ ತಲೆ ಮುಟ್ಟಿದೆ.

“ಇಳಿದ್ಲು ದೊಡ್ಡಮ್ಮ” ಅಂದ.

ಅಷ್ಟೇ.

ವಾಪಸ್ ಬರುವಾಗ ಅವನು ಹೊಲಕ್ಕೆ ಇಳೀಲಿಲ್ಲ. ನೇರ ರಸ್ತೇಲೇ ನಡೆದ. ಮರದ ಹತ್ರ ನಿಂತ. ಒಬ್ರು ಇಳಿದು ಕೈ ಮುಗಿದು ಬರೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿದ್ದ. ಯಾರೂ ಬರಲಿಲ್ಲ. ಬಾವಿ ಕಡೆ ಕಪ್ಪೆ ಕೂಗ್ತಿತ್ತು. “ಬಾ ದೊಡ್ಡಮ್ಮ, ಹೋಗೋಣ” ಅಂದ.

ಆ ರಾತ್ರಿ ನಾನು ಗೋಡೆಗೆ ಒರಗಿ ಎಚ್ಚರವಾಗೇ ಕೂತಿದ್ದೆ. ‘ಪಟ್’ ಅಂತು. ಕಾದೆ. ಕಾಯ್ತಾನೇ ಇದ್ದೆ. ಇನ್ನೊಂದು ಕೇಳಿಸಲೇ ಇಲ್ಲ. ಆ ಕೇಳಿಸದೇ ಇರೋ ಸದ್ದಿಗೆ ನಾನು ಬೆಳಗಾಗೋವರೆಗೂ ಅತ್ತಿದ್ದೀನಿ. ಯಾರ ಹತ್ರಾನೂ ಹೇಳ್ಬೇಡಿ, ಅಶ್ವತ್ಥಮ್ಮ ಆಡ್ಕೊಳ್ತಾಳೆ.

ಈಗ ಕದಿರೇಶ ಟಾರ್ಪಾಲು ತೆಗೆದಿದ್ದಾನೆ. ಬಾಡಿಗೆ ಓಡಿಸ್ತಾನೆ. ಮರದ ಹತ್ರ ಹೋಗ್ತಾನೂ ನಿಲ್ಲಿಸ್ತಾನೆ, ಬರ್ತಾನೂ ನಿಲ್ಲಿಸ್ತಾನೆ. ಹಿಂದೆ ಕೂತೋರು ಬೈತಾರೆ, ಬೈಸ್ಕೊಳ್ತಾನೆ.

ಶೆಡ್ಡಿನ ಕೊನೇ ದಿನದ ಮಾರನೇ ಬೆಳಗ್ಗೆ ಮುನೇಶ್ವರನ ಕಲ್ಲಿನ ಮೇಲೆ ಕನಕಾಂಬರದ ದಂಡೆ ಇತ್ತು, ಮರುಗ ಸೇರಿಸಿ ಕಟ್ಟಿದ್ದು, ಅಂತಾಳೆ ಅಶ್ವತ್ಥಮ್ಮ. ಅದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ. ಹೂವು ಯಾರು ಬೇಕಾದ್ರೂ ಇಟ್ಟಿರಬಹುದು. ಸೀಟು ಉಸ್ ಅಂದಿದ್ದಕ್ಕೂ ಏನೋ ಒಂದು ಕಾರಣ ಹೇಳಬಹುದು, ಆ ನರೇಶ್ ಏನೋ ಹೇಳಿದ ಕೂಡ. ಮೈಕಿನ ವೈರು ನನ್ನ ಮುಷ್ಟೀಲಿತ್ತು, ಆದ್ರೂ ಇರಲಿ, ಅದನ್ನೂ ಬಿಡಿ.

ಆದ್ರೆ ಆ ‘ಟಕ್ ಟಕ್’ ಗಾಜಿನ ಸದ್ದು. ನಾಲ್ಕು ಜನ ಕೇಳಿದ್ದೀವಿ. ನಾನು ನನ್ನ ಬಾಯಾರೆ ಎಲೆ ಅಡಿಕೆ ಉಗಿದಿದ್ದೀನಿ ಆ ಕಿಟಕಿಯಿಂದ, ನೇರ ನೆಲಕ್ಕೆ ಬಿದ್ದಿದೆ. ಹೊರಡೋ ಮುಂಚೆ ಕೈ ಹಾಕಿ ಇನ್ನೊಂದ್ಸಲ ನೋಡಿದೆ. ಮೊಣಕೈವರೆಗೂ ಆಚೆ ಹೋಯ್ತು.

ಆ ಕಾರಿಗೆ ಗಾಜು ಹಾಕಿರಲೇ ಇಲ್ಲ.